ಕೊನೆಯ ಡಬ್ಬಿ ಬಂತಾ?

ನಮ್ಮ ಮಾಮನ ಕಂಪ್ಯೂಟರಿನಲ್ಲಿ ‘ಸಿಮ್‌ಸಿಗ್’ ಅಂತ ಬ್ರಿಟನ್ನಿನ ರೈಲ್ವೆ ಆಟ ಇದೆ. ಅದರಲ್ಲಿ ರೈಲಿನ ಚಿತ್ರವೇ ಇಲ್ಲ, ಬರೀ ಗೆರೆಗಳು. ನಾವು ಡ್ರೈವರ್ ಅಲ್ಲ, ಸಿಗ್ನಲ್ ಕೊಡುವವರು. ದಾರಿ ಬಿಟ್ಟರೆ ಗೆರೆ ಬಿಳಿ, ರೈಲು ಬಂದರೆ ಕೆಂಪು. ರೈಲಿನ ನಂಬರು 1ರಿಂದ ಶುರುವಾದರೆ ಎಕ್ಸ್‌ಪ್ರೆಸ್. 6ರಿಂದ ಶುರುವಾದರೆ ಗಂಟೆಗೆ 60 ಮೈಲಿ ಮೀರದ ಗೂಡ್ಸ್.

ಗೂಡ್ಸನ್ನು ಯಾರ್ಡಿಗೆ ತಗೊಳ್ಳೋದೇ ಕಷ್ಟ. ಒಳಗೆ ಒಂದು ಲೈನ್ ಪೂರ್ತಿ ಖಾಲಿ ಇರಬೇಕು. ಇಲ್ಲದಿದ್ದರೆ ಇಂಜಿನ್ ಯಾರ್ಡಿನಲ್ಲಿ, ಬಾಲ ಮೇನ್ ಲೈನಿನಲ್ಲಿ! ಹಿಂದಿನ ರೈಲುಗಳೆಲ್ಲ ಸಾಲಾಗಿ ನಿಲ್ಲುತ್ತವೆ. “ಇಂಜಿನ್ ಬಂತು ಅಂತ ಕುಣೀಬೇಡ ಕಣೋ, ಕೊನೆ ಡಬ್ಬಿ ಬಂತಾ ನೋಡು” ಅಂತಾರೆ ಮಾಮ. ಬಾಲ ಒಳಗೆ ಬಂದು ಮೇನ್ ಲೈನಿನ ಕೆಂಪು ಆರುವ ತನಕ ಹಿಂದಿನ ರೈಲಿಗೆ ಹಸಿರು ಆಗೋದೇ ಇಲ್ಲ. ನಿಜವಾದ ರೈಲ್ವೆಯಲ್ಲೂ ಇಂಥ ಕಟ್ಟು ಇದೆ. ಅದಕ್ಕೆ ಇಂಟರ್‌ಲಾಕಿಂಗ್ ಎನ್ನುತ್ತಾರೆ.

ಈ ಕಟ್ಟು ತಪ್ಪಿದರೆ? 2023ರ ಜೂನ್ 2ರಂದು ಒಡಿಶಾದ ಬಹಾನಗಾ ಬಜಾರ್ ಸ್ಟೇಷನ್ನಿನಲ್ಲಿ, ಸಿಗ್ನಲ್ ವೈರು ತಪ್ಪಾಗಿ ಜೋಡಿಸಿದ್ದರಿಂದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ, ನಿಂತಿದ್ದ ಅದಿರಿನ ಗೂಡ್ಸಿಗೆ ಗುದ್ದಿತು. ಹಳಿ ತಪ್ಪಿದ ಡಬ್ಬಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲಿನ ಕೊನೆಯ ಡಬ್ಬಿಗಳಿಗೂ ಬಡಿದವು. 290ಕ್ಕೂ ಹೆಚ್ಚು ಜನ ತೀರಿಕೊಂಡರು.

ಇದನ್ನು ತಿಳಿದ ಮೇಲೆ ಆಟದಲ್ಲಿ ಕೂಡ ನನಗೆ ಅವಸರ ಬರಲ್ಲ. ಗೂಡ್ಸ್ ಕಾಯಬೇಕಾದರೆ ಕಾಯಲಿ. ನಾವು ರಾತ್ರಿ ರೈಲಿನಲ್ಲಿ ನಿದ್ದೆ ಮಾಡುವಾಗ, ಯಾರೋ ಒಬ್ಬರು ನಿದ್ದೆಗೆಟ್ಟು ಕೊನೆಯ ಡಬ್ಬಿಗಾಗಿ ಕಾಯುತ್ತಿರುತ್ತಾರೆ. ಅವರಿಗೆ ನನ್ನ ನಮಸ್ಕಾರ.