ನೀರು, ನೆಲ ಮತ್ತು ಥಾಮಸ್ ಚಾಂಡಿ

ತಕಳಿ ಶಿವಶಂಕರ ಪಿಳ್ಳೆಯವರ ‘ಕಯರ್’ (1978) ಕಾದಂಬರಿ ತೆರೆದುಕೊಳ್ಳುವುದು ಕುಟ್ಟನಾಡಿನ ಹಳ್ಳಿಯೊಂದಕ್ಕೆ ಭೂಮಾಪನದ ಅಧಿಕಾರಿ ಬಂದಿಳಿಯುವುದರೊಂದಿಗೆ. ಯಾವ ಹೊಲ ಯಾರದೆಂಬುದು ಅವನ ಲೇಖನಿಯನ್ನು ಅವಲಂಬಿಸಿದೆ. ಆ ಪುಟಗಳಿಗೆ ಮರಳಿದಾಗಲೆಲ್ಲ ಅದೇ ಸೀಮೆಯ ಶಾಸಕರೊಬ್ಬರು ನನ್ನ ನೆನಪಿಗೆ ಬರುತ್ತಾರೆ: ಥಾಮಸ್ ಚಾಂಡಿ.

1947ರಲ್ಲಿ ಕುಟ್ಟನಾಡಿನಲ್ಲಿ ಜನಿಸಿದ ಅವರು ಸಂಪತ್ತು ಗಳಿಸಿದ್ದು ಕುವೈತಿನಲ್ಲಿ. ‘ಕುವೈತ್ ಚಾಂಡಿ’ ಎಂಬ ಹೆಸರೂ ಅಂಟಿಕೊಂಡಿತು. ಆಲಪ್ಪುಳದ ಹಿನ್ನೀರಿನ ದಡದಲ್ಲಿ ಅವರ ಲೇಕ್ ಪ್ಯಾಲೇಸ್ ರೆಸಾರ್ಟ್ ಎದ್ದಿತು. 2006ರಲ್ಲಿ ಕೆ. ಕರುಣಾಕರನ್ ಅವರ ಪಕ್ಷದಿಂದ, ಮುಂದೆ 2011 ಮತ್ತು 2016ರಲ್ಲಿ ಎನ್‌ಸಿಪಿಯಿಂದ ಅವರು ಕುಟ್ಟನಾಡಿನ ಶಾಸಕರಾದರು.

ಶಾಸನಗಳನ್ನು ಓದುವ ನನಗೆ ಗಡಿಯ ವಿವರವೆಂದರೆ ಸದಾ ಕುತೂಹಲ: ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಗುಂಡು, ಪಡುವಲಿಗೆ ಕೆರೆಯ ಕೋಡಿ. ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಕುಟ್ಟನಾಡಿನಲ್ಲಿ ಹಾಗೆ ಅಚಲವಾಗಿ ನಿಲ್ಲುವ ಗಡಿಯಾದರೂ ಎಲ್ಲಿದೆ? ಅಲ್ಲಿನ ಹೊಲವೆಂದರೆ ಒಡ್ಡು ಕಟ್ಟಿ ಬರಿದು ಮಾಡಿದ ಕಾಯಲು. 1940ರ ದಶಕದಲ್ಲಿ ಜೋಸೆಫ್ ಮುರಿಕ್ಕನ್ ಚಿತ್ತಿರ, ಮಾರ್ತಾಂಡಂ, ರಾಣಿ ಎಂಬ ಕಾಯಲುಗಳನ್ನು ಹೀಗೆ ಗದ್ದೆಯಾಗಿಸಿ ‘ಕಾಯಲಿನ ರಾಜ’ ಎನಿಸಿಕೊಂಡರು. ಅದು ಅನ್ನದ ಕೊರತೆಯ ಕಾಲ.

ಚಾಂಡಿಯವರ ಕಾಲಕ್ಕೆ ಕಾನೂನು ಬೇರೆ. ಕೇರಳದಲ್ಲಿ ಗದ್ದೆ ಮತ್ತು ಜೌಗುನೆಲಗಳ ಸಂರಕ್ಷಣೆಗೆ 2008ರಲ್ಲಿ ಅಧಿನಿಯಮವೇ ಬಂದಿತ್ತು. 2017ರ ಏಪ್ರಿಲ್ 1ರಂದು ಅವರು ಸಾರಿಗೆ ಸಚಿವರಾದರು. ಕೆಲವೇ ತಿಂಗಳಲ್ಲಿ ರೆಸಾರ್ಟಿನ ರಸ್ತೆಗೂ ವಾಹನ ನಿಲುಗಡೆಗೂ ಗದ್ದೆ ತುಂಬಿಸಿದ ಆರೋಪ ಎದ್ದಿತು. ಅದೇ ಮಾರ್ತಾಂಡಂ ಕಾಯಲಿನ ಒತ್ತುವರಿಯ ದೂರೂ ಜೊತೆಗೂಡಿತು. ಚಾಂಡಿ ಆರೋಪಗಳನ್ನು ನಿರಾಕರಿಸಿದರು. ಜಿಲ್ಲಾಧಿಕಾರಿ ಟಿ.ವಿ. ಅನುಪಮಾ ಅವರ ವರದಿಯಾದರೋ ಉಲ್ಲಂಘನೆಗಳನ್ನು ಗುರುತಿಸಿತ್ತು. ವರದಿಯ ವಿರುದ್ಧ ಸಚಿವರು ಉಚ್ಚ ನ್ಯಾಯಾಲಯಕ್ಕೆ ಹೋದಾಗ, ಸರ್ಕಾರದ ಭಾಗವಾಗಿರುವವರು ಸರ್ಕಾರದ ಮೇಲೆಯೇ ದಾವೆ ಹೂಡುವುದೆಂತು ಎಂಬ ಪ್ರಶ್ನೆ ಪೀಠದಿಂದಲೇ ಬಂತು. ನವೆಂಬರ್ 15ರಂದು ಸಿಪಿಐ ಸಚಿವರು ಸಂಪುಟ ಸಭೆಯಿಂದ ದೂರ ಉಳಿದರು. ಅಂದೇ ಚಾಂಡಿ ರಾಜೀನಾಮೆ ಕೊಟ್ಟರು.

ಅವರನ್ನು ಕೇವಲ ಖಳನಾಗಿ ಓದಲು ನನಗೆ ಮನಸ್ಸಾಗದು. ಕುಟ್ಟನಾಡಿನ ಮತದಾರರು ಮೂರು ಬಾರಿ ಗೆಲ್ಲಿಸಿದ ಮನುಷ್ಯ ಅವರು. ಆದರೆ ಮುರಿಕ್ಕನ್ನರ ಒಡ್ಡಿಗೂ ರೆಸಾರ್ಟಿನ ರಸ್ತೆಗೂ ಸಮಾನ ತಕ್ಕಡಿ ಹಿಡಿಯುವುದೂ ನನ್ನಿಂದಾಗದು.

2019ರ ಡಿಸೆಂಬರ್ 20ರಂದು, ಶಾಸಕರಾಗಿದ್ದಾಗಲೇ, ಚಾಂಡಿ ತೀರಿಕೊಂಡರು. 2021ರಲ್ಲಿ ಅದೇ ಕ್ಷೇತ್ರದಿಂದ ಅವರ ಸೋದರ ಥಾಮಸ್ ಕೆ. ಥಾಮಸ್ ಆರಿಸಿಬಂದರು.