ಹಿನ್ನೀರಿನ ಆಚೆಯ ದಡ

ಸಾಗರ ಪಟ್ಟಣದಿಂದ ಸಿಗಂದೂರಿಗೆ ಹೊರಟ ಪ್ರಯಾಣಿಕನು ಬಹುಕಾಲ ಅಂಬಾರಗೋಡ್ಲು ದಡದಲ್ಲಿ ಲಾಂಚಿಗಾಗಿ ಕಾದು ನಿಲ್ಲಬೇಕಾಗಿದ್ದಿತು. ಎದುರಿಗೆ ಕಣ್ಣು ಹಾಯುವಷ್ಟು ದೂರ ಶರಾವತಿಯ ಹಿನ್ನೀರು, ಅದರಾಚೆ ಕಳಸವಳ್ಳಿ. ದೃಶ್ಯವೇನೋ ರಮಣೀಯವೇ. ಆದರೆ ದೇವಿಯ ದರ್ಶನಕ್ಕೆಂದು ವರ್ಷಕ್ಕೊಮ್ಮೆ ಬರುವವರಿಗೆ ಜಲವಿಹಾರವಾಗಿ ತೋರಿದುದು, ಸಂತೆಗೂ ಕಚೇರಿಗೂ ಆಸ್ಪತ್ರೆಗೂ ಅದೇ ನೀರನ್ನು ದಾಟಬೇಕಾದ ಕರೂರು, ಬಾರಂಗಿ ಸೀಮೆಯವರಿಗೆ ವಿಹಾರವಾಗಿರಲಿಲ್ಲ.

ಇದು ಪ್ರಕೃತಿ ನಿರ್ಮಿಸಿದ ಸರೋವರವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೀರು ಹಿಂದಕ್ಕೊತ್ತಿ ಕಣಿವೆಗಳನ್ನು ತುಂಬಿತು. ಗದ್ದೆ, ತೋಟ, ತುಳಸಿಕಟ್ಟೆಯಿದ್ದ ಅಂಗಳ, ಎಲ್ಲವೂ ಮುಳುಗಿದವು. 1948ರ ಹಿರೇಭಾಸ್ಕರ ಅಣೆಕಟ್ಟೂ ಈ ಹೊಸ ನೀರಿನೊಳಗೇ ಅಡಗಿಹೋಯಿತು; ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ತಲೆಯೆತ್ತಿ ನೋಡುವುದುಂಟು. ನಾಡಿನ ನಗರಗಳಲ್ಲಿ ದೀಪಗಳು ಬೆಳಗಿದವು. ಆ ದೀಪಕ್ಕೆ ನೆಲ ಕೊಟ್ಟವರಲ್ಲಿ ಅನೇಕರು ಊರು ಬಿಟ್ಟರು, ಉಳಿದವರು ದ್ವೀಪವಾಸಿಗಳಾದರು. ಸಂಜೆ ಲಾಂಚು ನಿಂತ ಮೇಲೆ ಆಚೆ ದಡದ ಮನೆಯೊಂದರಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡರೆ ಏನು ಗತಿ? ಸುತ್ತುದಾರಿ ಹಿಡಿದು ಹತ್ತಾರು ಮೈಲಿ ಕಾಡಿನಲ್ಲಿ ಸಾಗಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚು ವಾಹನಗಳನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಹೆಚ್ಚಾದ ನೀರು ಊರನ್ನು ನುಂಗಿತು, ಕಡಮೆಯಾದ ನೀರು ದಾರಿಯನ್ನು ಕಟ್ಟಿತು!

2018ರಲ್ಲಿ ಸೇತುವೆಗೆ ಶಂಕುಸ್ಥಾಪನೆಯಾಯಿತು. 2025ರ ಜುಲೈ 14ರಂದು ಅದು ಸಂಚಾರಕ್ಕೆ ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಮಿಗಿಲು, ವೆಚ್ಚ ಸುಮಾರು 470 ಕೋಟಿ ರೂಪಾಯಿ. ನಡುಭಾಗದಲ್ಲಿ ಎತ್ತರದ ಗೋಪುರಗಳಿಂದ ಇಳಿಬಿದ್ದ ಉಕ್ಕಿನ ಹಗ್ಗಗಳು ರಸ್ತೆಯನ್ನು ಎತ್ತಿ ಹಿಡಿದಿವೆ. ಗೋಪುರದ ಒಂದು ಮಗ್ಗುಲಿನ ಎಳೆತಕ್ಕೆ ಇನ್ನೊಂದು ಮಗ್ಗುಲಿನ ಎಳೆತ ಸರಿದೂಗುವುದರಿಂದ ಭಾರವೆಲ್ಲ ನೇರವಾಗಿ ತಳಕ್ಕಿಳಿಯುತ್ತದೆ. ಆಳವಾದ ನೀರಿನಲ್ಲಿ ಅಡಿಗಡಿಗೂ ಕಂಬ ನೆಡುವ ತೊಡಕಿಲ್ಲ. ತಕ್ಕಡಿ ಹಿಡಿದವನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಲೆಕ್ಕ ಸರಿದೂಗದೆ ಉಳಿದುದು ಬೇರೆಡೆ. ಮುಳುಗಡೆಯ ಸಂಕಟವನ್ನು ‘ದ್ವೀಪ’ ಕಾದಂಬರಿಯಲ್ಲಿ ನಾಡಿಗೆ ತಿಳಿಸಿದ ನಾ. ಡಿಸೋಜ ಅವರು 2025ರ ಜನವರಿಯಲ್ಲಿಯೇ ತೀರಿಕೊಂಡರು. ಮನೆ ಮುಳುಗುವುದನ್ನು ಕಣ್ಣಾರೆ ಕಂಡ ತಲೆಮಾರಿನವರಲ್ಲಿಯೂ ಎಷ್ಟೋ ಮಂದಿ ಅದಕ್ಕೆ ಮೊದಲೇ ಕಣ್ಮರೆಯಾಗಿದ್ದರು. ಅರವತ್ತೊಂದು ವರ್ಷವೆಂದರೆ ಒಂದು ಆಯುಷ್ಯವಷ್ಟೆ.

ಸೇತುವೆ ತೆರೆದ ಮೇಲೆ ಪ್ರವಾಸಿಗಳು ಹಗ್ಗಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ತುಮರಿಯ ಗೃಹಸ್ಥನು ಸಾಗರದಲ್ಲಿ ಕೆಲಸ ಮುಗಿಸಿ, ಗಡಿಯಾರ ನೋಡದೆ, ರಾತ್ರಿಯೂಟದ ಹೊತ್ತಿಗೆ ಮನೆ ಸೇರತೊಡಗಿದನು.