ಸ್ತನದ ನೋವು ಹೇಳಿಕೊಳ್ಳುವಂಥದ್ದೇ

ಬೆಂಗಳೂರಿನ ದೀಪಾಂಜಲಿ ನಗರದ ಮೆಟ್ರೋದಲ್ಲಿ ಬೆಳಗ್ಗೆ ನಿಂತೇ ಹೋಗುವ ನಾವು ಹೆಂಗಸರು ಸೊಂಟನೋವು, ತಲೆನೋವನ್ನು ಪಕ್ಕದವರಿಗೂ ಹೇಳಿಕೊಳ್ಳುತ್ತೇವೆ. ಸ್ತನ ನೋಯುತ್ತಿದೆ ಅನ್ನೋದನ್ನು ಮಾತ್ರ ಅಮ್ಮನಿಗೂ ಹೇಳುವುದಿಲ್ಲ. ಒಳಗೊಳಗೇ ಕ್ಯಾನ್ಸರ್ ಇರಬಹುದೇ ಅಂತ ಹೆದರುತ್ತೇವೆ.

ಬರೀ ನೋವಿದ್ದರೆ ಅದು ಕ್ಯಾನ್ಸರ್ ಆಗಿರುವುದು ಅಪರೂಪ. ಮುಟ್ಟಿಗೆ ಮುಂಚೆ ಎರಡೂ ಕಡೆ ಭಾರವಾಗಿ ನೋಯುವುದು ಹಾರ್ಮೋನ್ ಏರಿಳಿತದಿಂದ. ಮುಟ್ಟಾದ ಮೇಲೆ ತಾನಾಗಿ ಇಳಿಯುತ್ತದೆ. ಅಳತೆ ಸರಿಯಿಲ್ಲದ ಬ್ರಾ, ಭಾರ ಎತ್ತಿ ಹಿಡಿದುಕೊಂಡ ಎದೆಯ ಸ್ನಾಯು, ಸ್ತನದೊಳಗಿನ ನೀರುಗುಳ್ಳೆ (ಸಿಸ್ಟ್) ಕೂಡ ಕಾರಣವಾಗಬಹುದು. ಬಾಣಂತಿಗೆ ಹಾಲು ಕಟ್ಟಿಕೊಂಡು ಕೆಂಪಾಗಿ ಜ್ವರ ಬಂದರೆ ಅದು ಸೋಂಕಿರಬಹುದು. ಹಾಲೂಡಿಸುವುದನ್ನು ನಿಲ್ಲಿಸದೆ ಅವತ್ತೇ ಡಾಕ್ಟರಿಗೆ ತೋರಿಸಿ.

ತಡಮಾಡಬಾರದ್ದು ಇವು: ಸ್ತನದಲ್ಲೋ ಕಂಕುಳಲ್ಲೋ ಹೊಸ ಗಂಟು, ಚರ್ಮದಲ್ಲಿ ಗುಳಿ, ಹೊಸದಾಗಿ ಒಳಸರಿದ ತೊಟ್ಟು, ತೊಟ್ಟಿನಿಂದ ರಕ್ತ, ಒಂದೇ ಜಾಗದಲ್ಲಿ ಬಿಡದ ನೋವು. ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲವಲ್ಲ ಅಂತ ಸುಮ್ಮನಿರಬೇಡಿ. ನೋವು ಸ್ತನದ್ದಲ್ಲದೆ ಎದೆಯೇ ಹಿಂಡಿದಂತಾಗಿ ಉಸಿರು ಕಟ್ಟಿದರೆ ಅದು ಹೃದಯದ ತೊಂದರೆ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಮೊದಲು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಹೆಚ್ಚಿನ ಪರೀಕ್ಷೆ ಬೇಕಾದರೆ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ನಮ್ಮೂರಲ್ಲೇ ಇದೆ. ಮನೆಯ ಅಕ್ಕತಂಗಿಯರಿಗೆ, ಅತ್ತೆಗೆ ಇದನ್ನು ಬಾಯಿಬಿಟ್ಟು ಹೇಳಿ.